ಸಿಬಿಲ್ ಕೆಟ್ಟಿದ್ದರೂ ವಿಮಾ ಏಜೆಂಟ್ ಆಗಬಹುದು, ಆದರೆ ಇದನ್ನು ಓದಿ ಹೊರಡಿ

ಹೋದ ತಿಂಗಳು ನಮ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಕೂತು ಒಬ್ಬರಿಂದ ಏಜೆನ್ಸಿ ಅರ್ಜಿ ತುಂಬಿಸುತ್ತಿದ್ದೆ. ಹೆಸರು, ವಿಳಾಸ, ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಎಲ್ಲ ಸರಸರ ಬರೆದವರು ಪಾನ್ ನಂಬರಿನ ಖಾನೆ ಬಂದ ಕೂಡಲೇ ಪೆನ್ನು ಕೆಳಗಿಟ್ಟರು. "ಸಾರ್, ಇದನ್ನ ಹಾಕಿದ್ರೆ ನನ್ನ ಸಾಲ ಎಲ್ಲಾ ಅವರಿಗೆ ಕಾಣುತ್ತಲ್ವಾ?"

ಅವರದು ಟೈಲ್ಸ್ ಅಂಗಡಿ ಇತ್ತು. ಕೊರೋನಾ ಹೊಡೆತಕ್ಕೆ ಬಾಗಿಲು ಹಾಕಿತು. ಬ್ಯಾಂಕ್ ಸಾಲ ಸುಸ್ತಿಯಾಗಿ ಕೊನೆಗೆ ಅರ್ಧಕ್ಕೆ ಸೆಟಲ್‌ಮೆಂಟ್ ಆಗಿದೆ. ಅಂಗಡಿ ಕಾಲದ ಆದಾಯ ತೆರಿಗೆ ಡಿಮ್ಯಾಂಡ್ (ಇಷ್ಟು ಬಾಕಿ ಕಟ್ಟಿ ಎನ್ನುವ ನೋಟಿಸ್) ಒಂದು ಪೋರ್ಟಲ್‌ನಲ್ಲಿ ಹಾಗೇ ಕೂತಿದೆ. ಅವರಿಗಿಂತ ಕೆಲವು ವರ್ಷ ಮುಂಚೆ ಅದೇ ಖಾನೆ ಎದುರು ನಾನೂ ಹಾಗೇ ಪೆನ್ನು ಕೆಳಗಿಟ್ಟಿದ್ದೆ. ನನ್ನದು ಜೆರಾಕ್ಸ್ ಅಂಗಡಿ, ಕಾಲೇಜೇ ಮುಚ್ಚಿದ ಮೇಲೆ ಜೆರಾಕ್ಸ್ ಯಾರಿಗೆ ಬೇಕು? ಅವತ್ತು ಅವರಿಗೆ ಎರಡು ಕಾಫಿ ಮುಗಿಯುವಷ್ಟು ಹೊತ್ತು ಹೇಳಿದ್ದನ್ನು ಇಲ್ಲಿ ಇನ್ನಷ್ಟು ಬಿಡಿಸಿ ಬರೆದಿದ್ದೇನೆ.

ಮೊದಲು ಕಾನೂನು ಏನು ಕೇಳುತ್ತದೆ ನೋಡಿ

1938ರ ವಿಮಾ ಕಾಯ್ದೆಯ 42ನೇ ಸೆಕ್ಷನ್ ಯಾರು ಏಜೆಂಟ್ ಆಗಬಾರದು ಎಂದು ಪಟ್ಟಿ ಕೊಡುತ್ತದೆ. 18 ತುಂಬದವರು, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಕೋರ್ಟ್ ಹೇಳಿರುವವರು, ಹಣ ದುರುಪಯೋಗ, ನಂಬಿಕೆ ದ್ರೋಹ, ವಂಚನೆ, ಫೋರ್ಜರಿ ಇವುಗಳಲ್ಲಿ ಕೋರ್ಟಿನಿಂದ ತಪ್ಪಿತಸ್ಥರೆಂದು ತೀರ್ಮಾನವಾದವರು, ವಿಮೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಮೋಸ ಸಾಬೀತಾದವರು, ತರಬೇತಿ ಮತ್ತು ಪರೀಕ್ಷೆ ಮುಗಿಸದವರು, ನೀತಿ ಸಂಹಿತೆ ಮುರಿದವರು. ಪಟ್ಟಿ ಇಷ್ಟೇ. ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ, ಇದರಲ್ಲಿಲ್ಲ. ಬ್ಯಾಂಕ್ ಸಾಲ ಕಟ್ಟದವರು ಎಂದಿಲ್ಲ. ತೆರಿಗೆ ಬಾಕಿದಾರರು ಎಂದೂ ಇಲ್ಲ.

2015ರ ತಿದ್ದುಪಡಿಗೆ ಮುಂಚೆ ಲೈಸೆನ್ಸ್ ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ಹೆಸರಿನಲ್ಲಿ ಬರುತ್ತಿತ್ತು. ಈಗ ವಿಮಾ ಕಂಪನಿಯೇ ನೇಮಿಸುತ್ತದೆ. ಹಾಗಾಗಿ ಕಾನೂನು ಅಡ್ಡ ಬರುವುದಿಲ್ಲ ಎಂದ ಮಾತ್ರಕ್ಕೆ ಕಂಪನಿ ನಿಮ್ಮನ್ನು ತೆಗೆದುಕೊಳ್ಳಲೇಬೇಕು ಎಂದಲ್ಲ. ಒಂದು ಕಂಪನಿ ಬೇಡ ಎಂದರೆ ಇನ್ನೊಂದರ ಬಾಗಿಲು ತಟ್ಟಬಹುದು. ಪಾನ್ ಕೇಳುವುದು ಸಾಲ ನೋಡಲಿಕ್ಕಲ್ಲ. ನೀವು ಈಗಾಗಲೇ ಬೇರೆ ಕಡೆ ಏಜೆಂಟಾ, ಹಿಂದೆ ಎಲ್ಲಾದರೂ ಕಪ್ಪುಪಟ್ಟಿಗೆ ಸೇರಿದ್ದೀರಾ ಎಂದು ಹುಡುಕುವುದು ಆ ನಂಬರಿನಿಂದಲೇ. ಕಮಿಷನ್ ಮೇಲಿನ ತೆರಿಗೆ ಕಡಿತಕ್ಕೂ ಅದೇ ಬೇಕು. ನಿಮ್ಮ ಒಪ್ಪಿಗೆಯಿಲ್ಲದೆ ಯಾರೂ ನಿಮ್ಮ ಸಿಬಿಲ್ ವರದಿ ತೆಗೆಸುವ ಹಾಗಿಲ್ಲ. ಅರ್ಜಿ ಜೊತೆ ಅಂಥ ಒಪ್ಪಿಗೆ ಪತ್ರ ಇದ್ದರೆ ಓದಿ ಸಹಿ ಹಾಕಿ.

ಚೆಕ್ ಬೌನ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಚೆಕ್ ಬೌನ್ಸ್‌ಗೆ ಹಾಕುವ 138ನೇ ಸೆಕ್ಷನ್ನಿನ ಕೇಸು ನಡೆಯುತ್ತಿದೆ ಎನ್ನುವುದು ಈ ಪಟ್ಟಿಯ ಅನರ್ಹತೆಯಲ್ಲ. ಆದರೆ ಅದರ ಜೊತೆಗೆ ವಂಚನೆ ಕೇಸೂ ಹಾಕಿ, ಅದರಲ್ಲಿ ನೀವು ತಪ್ಪಿತಸ್ಥರೆಂದು ತೀರ್ಪಾಗಿದ್ದರೆ ಅದು ಅನರ್ಹತೆಯೇ. ಶಿಕ್ಷೆ ಮುಗಿದು 5 ವರ್ಷ ಕಳೆದಿದ್ದರೆ ಆ ಅನರ್ಹತೆ ಹೋಯಿತು ಎಂದು ಪ್ರಾಧಿಕಾರ ಸಾಮಾನ್ಯವಾಗಿ ಘೋಷಿಸಬೇಕು ಎನ್ನುತ್ತದೆ ಅದೇ ಸೆಕ್ಷನ್. ಅರ್ಜಿಯಲ್ಲಿ ಕೇಸಿನ ಬಗ್ಗೆ ಪ್ರಶ್ನೆ ಇದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಸಾಲ ಇದೆ ಎಂದು ಹೇಳಿ ಏಜೆನ್ಸಿ ಕಳೆದುಕೊಂಡವರನ್ನು ನಾನು ಕಂಡಿಲ್ಲ. ಸುಳ್ಳು ಬರೆದು ಕಳೆದುಕೊಂಡವರನ್ನು ಕಂಡಿದ್ದೇನೆ.

ಯಾವ ಬಾಗಿಲು ನಿಮಗೆ ತೆರೆದಿದೆ

'ಇನ್ಶೂರೆನ್ಸ್ ಕೆಲಸ' ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ಏಜೆಂಟ್ ಎಂದರೆ ಸಂಬಳದ ನೌಕರ ಅಲ್ಲ, ಕಮಿಷನ್ ಮೇಲೆ ಬದುಕುವವನು. ಸಾಲದ ಇತಿಹಾಸ ಕೆಟ್ಟವರಿಗೆ ಸುಲಭದ ಬಾಗಿಲು ಇದೇ. ಒಬ್ಬ ಏಜೆಂಟ್ ಒಂದು ಜೀವ ವಿಮೆ ಕಂಪನಿ, ಒಂದು ಸಾಮಾನ್ಯ ವಿಮೆ ಕಂಪನಿ, ಒಂದು ಆರೋಗ್ಯ ವಿಮೆ ಕಂಪನಿ ಹೀಗೆ ಬೇರೆ ಬೇರೆ ಬಗೆಯಲ್ಲಿ ಒಂದೊಂದರ ಕೋಡ್ (ಕಂಪನಿ ಕೊಡುವ ಏಜೆಂಟ್ ನಂಬರ್) ಇಟ್ಟುಕೊಳ್ಳಬಹುದು. ಎರಡು ಜೀವ ವಿಮೆ ಕಂಪನಿಗೆ ಒಟ್ಟಿಗೆ ಕೆಲಸ ಮಾಡುವ ಹಾಗಿಲ್ಲ.

ಪಿಒಎಸ್‌ಪಿ (ಪಾಯಿಂಟ್ ಆಫ್ ಸೇಲ್ಸ್ ಪರ್ಸನ್) ಎನ್ನುವುದು ಇನ್ನೂ ಚಿಕ್ಕ ಬಾಗಿಲು. ಹತ್ತನೇ ತರಗತಿ, 15 ಗಂಟೆ ತರಬೇತಿ, ಕಂಪನಿ ಅಥವಾ ಬ್ರೋಕರ್ (ಹಲವು ಕಂಪನಿಗಳ ಪಾಲಿಸಿ ಮಾರುವ ಸಂಸ್ಥೆ) ತಾವೇ ನಡೆಸುವ ಪರೀಕ್ಷೆ. ಬೈಕು ಕಾರಿನ ಇನ್ಶೂರೆನ್ಸ್‌ನಂಥ ಸರಳ ಪಾಲಿಸಿಗಳನ್ನು ಮಾರಬಹುದು. ಆರ್‌ಟಿಒ ಎದುರು ಟೇಬಲ್ ಹಾಕಿಕೊಂಡವರಲ್ಲಿ ಬಹಳ ಜನ ಇವರೇ.

ಹೆಣ್ಣುಮಕ್ಕಳಿಗೆ ಎಲ್‌ಐಸಿಯ ಬಿಮಾ ಸಖಿ ಯೋಜನೆ ಇದೆ. 2024ರ ಡಿಸೆಂಬರ್ 9ರಂದು ಪಾಣಿಪತ್‌ನಲ್ಲಿ ಶುರುವಾಯಿತು. 18ರಿಂದ 70 ವರ್ಷದೊಳಗಿನ, ಹತ್ತನೇ ತರಗತಿ ಪಾಸಾದ ಮಹಿಳೆಯರಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಸ್ಟೈಪೆಂಡ್, ಅದರ ಮೇಲೆ ಕಮಿಷನ್. ಸ್ಟೈಪೆಂಡ್ ಸುಮ್ಮನೆ ಬರುವುದಿಲ್ಲ. ವರ್ಷಕ್ಕೆ 24 ಪಾಲಿಸಿ, ಅಂದರೆ ತಿಂಗಳಿಗೆ ಎರಡು ಆಗಬೇಕು. ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ಶೇ. 65ರಷ್ಟು ಚಾಲ್ತಿಯಲ್ಲಿದ್ದರೆ ಮಾತ್ರ ಎರಡನೇ ವರ್ಷದ ಹಣ. ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲದಲ್ಲಿ ಸಿಕ್ಕಿಕೊಂಡ ಅಕ್ಕಂದಿರು ಇದನ್ನು ತಿಂಗಳ ಸಂಬಳ ಎಂದುಕೊಂಡು ಕಂತಿಗೆ ಲೆಕ್ಕ ಹಾಕಬೇಡಿ. ಏಜೆಂಟರ ಅಥವಾ ಎಲ್‌ಐಸಿ ನೌಕರರ ಹತ್ತಿರದ ಸಂಬಂಧಿಗಳಿಗೆ ಈ ಯೋಜನೆ ಇಲ್ಲ.

ಸಿಬಿಲ್ ನಿಜಕ್ಕೂ ಅಡ್ಡ ಬರುವುದು ಬ್ಯಾಂಕ್ ಕೆಲಸಕ್ಕೆ. ಸಾಲ ಮರುಪಾವತಿ ಸರಿಯಿಲ್ಲ ಎಂದು ಸ್ಟೇಟ್ ಬ್ಯಾಂಕ್ ಒಬ್ಬ ಅಭ್ಯರ್ಥಿಯ ನೇಮಕ ರದ್ದು ಮಾಡಿದ್ದನ್ನು 2025ರಲ್ಲಿ ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಪಾಲಿಸಿ ಮಾರುವ ಕೆಲಸಕ್ಕೆ ಅರ್ಜಿ ಹಾಕುವವರು ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬ್ರೋಕರ್ ಆಗುವ ಆಸೆ ಇದ್ದರೂ ಅಲ್ಲಿ ಹಣಕಾಸಿನ ನಡತೆ ನೋಡುತ್ತಾರೆ.

ಅರ್ಜಿಗೆ ಮುಂಚೆ ಒಂದು ಭಾನುವಾರ ಕೂತು ಮಾಡುವ ಕೆಲಸ

ನಿಮ್ಮ ಸಾಲದ ವರದಿಯನ್ನು ನೀವೇ ತೆಗೆಯಿರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು, ಇದು ರಿಸರ್ವ್ ಬ್ಯಾಂಕಿನ ನಿಯಮ. ಸ್ವಂತ ವರದಿ ನೋಡಿದರೆ ಸ್ಕೋರ್ ಇಳಿಯುತ್ತದೆ ಎನ್ನುವುದು ಸುಳ್ಳು. ಒಂದೊಂದು ಸಾಲದ ಮುಂದೆ ಏನು ಬರೆದಿದೆ ನೋಡಿ. 'ಕ್ಲೋಸ್ಡ್' ಎಂದಿದ್ದರೆ ಮುಗಿಯಿತು. 'ಸೆಟಲ್ಡ್' ಎಂದಿದ್ದರೆ ಬ್ಯಾಂಕ್ ಸ್ವಲ್ಪ ಬಿಟ್ಟುಕೊಟ್ಟಿದೆ ಎಂದರ್ಥ. 'ರೈಟನ್ ಆಫ್' ಎಂದರೆ ಬ್ಯಾಂಕ್ ತನ್ನ ಪುಸ್ತಕದಿಂದ ತೆಗೆದಿದೆ, ನಿಮ್ಮ ತಲೆಯಿಂದಲ್ಲ.

ನನ್ನ ವರದಿಯಲ್ಲಿ ನಾನು ಕಟ್ಟಿ ಮುಗಿಸಿ ಎರಡು ವರ್ಷವಾಗಿದ್ದ ಬೈಕ್ ಸಾಲ ಇನ್ನೂ ಬಾಕಿ ಎಂದೇ ಇತ್ತು. ಆ ಫೈನಾನ್ಸ್ ಕಚೇರಿಗೆ ಮೂರು ಸಲ ಹೋದೆ, ಮೂರು ಸಲವೂ 'ಸಿಸ್ಟಮ್ ಅಪ್‌ಡೇಟ್ ಆಗುತ್ತೆ ಸಾರ್' ಎಂದೇ ಉತ್ತರ. ನೋ ಡ್ಯೂ ಪತ್ರದ ಪ್ರತಿ ಹಾಕಿ ವರದಿ ಕೊಡುವ ಕಂಪನಿಗೇ (ಬ್ಯೂರೋ) ದೂರು ಕೊಟ್ಟ ಮೇಲೆ ಸರಿಹೋಯಿತು. ದೂರು 30 ದಿನದಲ್ಲಿ ಮುಗಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎನ್ನುವ ನಿಯಮ 2024ರ ಏಪ್ರಿಲ್‌ನಿಂದ ಇದೆ. ದುಡ್ಡು ಕೊಟ್ಟರೆ ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ ಎಂದು ಫೋನ್ ಮಾಡುವವರನ್ನು ಮಾತ್ರ ನಂಬಬೇಡಿ. ತಪ್ಪು ಬರೆದಿದ್ದರೆ ಪುಕ್ಕಟೆ ತಿದ್ದಿಸಬಹುದು, ಸರಿಯಾಗಿ ಬರೆದಿದ್ದನ್ನು ಯಾರೂ ಅಳಿಸಲಾರರು.

ಆಮೇಲೆ ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ ಬಾಕಿ ಡಿಮ್ಯಾಂಡ್‌ಗೆ ಉತ್ತರ ಕೊಡುವ ಪುಟ ತೆರೆಯಿರಿ. ಯಾವ ವರ್ಷದ್ದು, ಎಷ್ಟು ಎಂದು ಅಲ್ಲಿ ಸಿಗುತ್ತದೆ. ಹಳೆಯ ಸಣ್ಣ ಡಿಮ್ಯಾಂಡ್ ಆಗಿದ್ದರೆ ಅದು ಆಗಲೇ ಮನ್ನಾ ಆಗಿರಬಹುದು. 2024ರ ಮಧ್ಯಂತರ ಬಜೆಟ್‌ನಲ್ಲಿ, 2010-11ನೇ ಅಸೆಸ್‌ಮೆಂಟ್ ವರ್ಷದವರೆಗಿನ 25,000 ರೂಪಾಯಿ ತನಕದ, ಆಮೇಲೆ 2015-16ರವರೆಗಿನ 10,000 ರೂಪಾಯಿ ತನಕದ ಡಿಮ್ಯಾಂಡ್‌ಗಳನ್ನು ಬಿಟ್ಟುಬಿಡುವುದಾಗಿ ಹೇಳಿದ್ದರು, ಒಬ್ಬರಿಗೆ ಒಟ್ಟು 1 ಲಕ್ಷದ ಮಿತಿಯಲ್ಲಿ. ನಮ್ಮ ಟೈಲ್ಸ್ ಅಂಗಡಿಯವರದು ಆಮೇಲಿನ ವರ್ಷದ್ದು, ಆ ಅದೃಷ್ಟ ಇರಲಿಲ್ಲ. ಮನ್ನಾ ಆಗದ ಬಾಕಿಗೆ ತಿಂಗಳಿಗೆ ಶೇ. 1 ಬಡ್ಡಿ ಬೆಳೆಯುತ್ತಿರುತ್ತದೆ. ಡಿಮ್ಯಾಂಡೇ ತಪ್ಪು ಎನಿಸಿದರೆ ಒಪ್ಪುವುದಿಲ್ಲ ಎಂದು ಅಲ್ಲೇ ಕಾರಣ ಬರೆಯಬಹುದು. ಸರಿ ಇದ್ದರೆ ಅಸೆಸಿಂಗ್ ಆಫೀಸರ್‌ಗೆ ಕಂತಿನಲ್ಲಿ ಕಟ್ಟುತ್ತೇನೆ ಎಂದು ಅರ್ಜಿ ಕೊಡಿ, ಕೊಡಬೇಕೋ ಬೇಡವೋ ಅವರ ವಿವೇಚನೆ. ಕೇಳದೆ ಸುಮ್ಮನಿದ್ದವರಿಗಿಂತ ಕೇಳಿದವರನ್ನು ಅವರು ಚೆನ್ನಾಗಿ ನೋಡುತ್ತಾರೆ ಎನ್ನುವುದು ನನ್ನ ಅನುಭವ.

ಅರ್ಜಿ, ತರಬೇತಿ, ಪರೀಕ್ಷೆ

ಇದು ಎಲ್ಲಕ್ಕಿಂತ ಸುಲಭದ ಭಾಗ. ಶಾಖೆಗೆ ಹೋಗಿ ಡೆವಲಪ್‌ಮೆಂಟ್ ಆಫೀಸರನ್ನು ಕಾಣಿ, ಖಾಸಗಿ ಕಂಪನಿಯಾದರೆ ಸೇಲ್ಸ್ ಮ್ಯಾನೇಜರನ್ನು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾನ್, ಆಧಾರ್, ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಸಾಕು. ತರಬೇತಿ ಮುಗಿಸಿ ಐಸಿ-38 ಎನ್ನುವ ಏಜೆಂಟರ ಪರೀಕ್ಷೆ. 50 ಪ್ರಶ್ನೆ, ಒಂದು ಗಂಟೆ, ಶೇ. 35 ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪುಸ್ತಕ ಕನ್ನಡದಲ್ಲೂ ಇದೆ, ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಕನ್ನಡ ಪುಸ್ತಕದ ಭಾಷೆ ಅಲ್ಲಲ್ಲಿ ಕಲ್ಲು ಸಿಕ್ಕಿದ ಅನ್ನದ ಹಾಗಿದೆ. ಇಂಗ್ಲಿಷ್ ಪದವನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.

ಪರೀಕ್ಷಾ ಶುಲ್ಕ ಬಿಟ್ಟರೆ ಏಜೆಂಟ್ ಆಗಲು ದುಡ್ಡು ಕಟ್ಟುವ ಹಾಗಿಲ್ಲ. 'ಡಿಪಾಸಿಟ್ ಇಟ್ಟರೆ ಕೋಡ್ ಬೇಗ ಬರುತ್ತೆ' ಎಂದವರು ನಿಮ್ಮ ಕಷ್ಟದ ವಾಸನೆ ಹಿಡಿದು ಬಂದವರು. ಹಿಂದೆ ಬೇರೆ ಕಂಪನಿಯ ಕೋಡ್ ಇದ್ದರೆ ಅಲ್ಲಿಂದ ಬಿಡುಗಡೆ ಪತ್ರ ಮೊದಲು ತನ್ನಿ.

ಒಂದು ಸೂಕ್ಷ್ಮ. ಕಮಿಷನ್ ಜಮೆಯಾಗಲು ಸುಸ್ತಿ ಸಾಲ ಇರುವ ಬ್ಯಾಂಕಿನ ಖಾತೆಯನ್ನೇ ಕೊಟ್ಟರೆ, ಬಂದ ಹಣವನ್ನು ಬ್ಯಾಂಕ್ ಸಾಲಕ್ಕೆ ಮುರಿದುಕೊಳ್ಳಬಹುದು. ಬೇರೆ ಬ್ಯಾಂಕಿನಲ್ಲಿ ಝೀರೋ ಬ್ಯಾಲೆನ್ಸ್ ಖಾತೆ ತೆರೆಯಿರಿ, ಅದಕ್ಕೆ ಸಿಬಿಲ್ ಬೇಕಿಲ್ಲ. ಸಾಲ ತಪ್ಪಿಸಿಕೊಳ್ಳಲಿಕ್ಕೆ ಹೇಳುತ್ತಿಲ್ಲ. ಎಷ್ಟು ಯಾರಿಗೆ ಯಾವಾಗ ಎನ್ನುವುದು ನಿಮ್ಮ ಕೈಯಲ್ಲಿರಲಿ ಎಂದು.

ಕಮಿಷನ್ ಬಂದ ಮೇಲೆ ತೆರಿಗೆ ಇಲಾಖೆ

ಟೈಲ್ಸ್ ಅಂಗಡಿಯವರ ಭಯದಲ್ಲಿ ಅರ್ಧ ಸತ್ಯ ಇತ್ತು. ತೆರಿಗೆ ಬಾಕಿ ನೇಮಕಕ್ಕೆ ಅಡ್ಡಿಯಲ್ಲ, ಆದರೆ ಗಳಿಕೆಯ ಬೆನ್ನು ಹತ್ತಬಲ್ಲದು. ನಿಮಗೆ ಯಾರಿಂದ ಹಣ ಬರಬೇಕೋ ಅವರಿಗೇ ನೋಟಿಸ್ ಕೊಟ್ಟು 'ಆ ಹಣ ನಮಗೆ ಕಟ್ಟಿ' ಎನ್ನುವ ಅಧಿಕಾರ ಇಲಾಖೆಗಿದೆ. ವಿಮಾ ಕಂಪನಿಗೂ ಹಾಗೆ ನೋಟಿಸ್ ಹೋಗಬಹುದು. 1961ರ ಕಾಯ್ದೆಯಲ್ಲಿ ಇದು 226(3). 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಸೆಕ್ಷನ್ ನಂಬರುಗಳು ಬದಲಾದವು, ಇಲಾಖೆಯ ಕೈ ಗಿಡ್ಡವಾಗಲಿಲ್ಲ. ಕಂತಿನ ಅರ್ಜಿ ಮೊದಲೇ ಕೊಡಿ ಎಂದಿದ್ದು ಇದಕ್ಕೇ.

ವರ್ಷಕ್ಕೆ 20,000 ರೂಪಾಯಿ ದಾಟಿದ ಕಮಿಷನ್ ಮೇಲೆ ಶೇ. 2 ಟಿಡಿಎಸ್ (ಹಣ ಕೊಡುವಾಗಲೇ ಮಾಡುವ ತೆರಿಗೆ ಕಡಿತ) ಹಿಡಿಯುತ್ತಾರೆ, 2025ರ ಏಪ್ರಿಲ್‌ಗೆ ಮುಂಚೆ ಇದು ಶೇ. 5 ಇತ್ತು. ಪಾನ್ ಕೊಡದಿದ್ದರೆ ಶೇ. 20. ರಿಟರ್ನ್ ಹಾಕಿ ಟಿಡಿಎಸ್ ವಾಪಸ್ ಕೇಳಿದರೆ ಹಳೆಯ ಬಾಕಿಗೆ ಹೊಂದಿಸಿಕೊಳ್ಳುತ್ತಾರೆ, ಕೈಗೆ ಬರುವುದಿಲ್ಲ. ಬೇಜಾರಾಗಬೇಡಿ, ಅಷ್ಟು ಸಾಲ ತೀರಿತು ಎಂದುಕೊಳ್ಳಿ. ಅಂಗಡಿ ಕಾಲದಲ್ಲಿ ಅಂದಾಜು ಲಾಭ ತೋರಿಸಿ ಐಟಿಆರ್-4 ಹಾಕುತ್ತಿದ್ದವರು ಗಮನಿಸಿ, ಕಮಿಷನ್ ಆದಾಯಕ್ಕೆ ಆ ಸೌಲಭ್ಯ ಇಲ್ಲ, ಐಟಿಆರ್-3 ಹಾಕಬೇಕು. ಪೆಟ್ರೋಲ್, ಫೋನ್ ಖರ್ಚಿನ ಚೀಟಿ ಇಟ್ಟುಕೊಳ್ಳಿ. ಜಿಎಸ್‌ಟಿ ಚಿಂತೆ ಬೇಡ. ಏಜೆಂಟರ ಕಮಿಷನ್ ಮೇಲಿನ ಜಿಎಸ್‌ಟಿ ಕಟ್ಟುವ ಹೊಣೆ ಕಂಪನಿಯದು. ಹಳೆ ಅಂಗಡಿಯ ಜಿಎಸ್‌ಟಿ ಬಾಕಿ ಇದ್ದರೆ ಅದು ಬೇರೆ ಕಥೆ, ಅದು ಎಲ್ಲೂ ಹೋಗುವುದಿಲ್ಲ.

ನಿಜವಾದ ಪರೀಕ್ಷೆ

ಸಾಲಗಾರ ಏಜೆಂಟನಿಗೆ ಸಿಬಿಲ್‌ಗಿಂತ ದೊಡ್ಡ ಅಪಾಯ ಒಂದಿದೆ. ಅದು ಅವನ ಜೇಬಿನಲ್ಲಿರುವ ಬೇರೆಯವರ ಪ್ರೀಮಿಯಂ.

ಸಂಜೆ ಏಳು ಗಂಟೆ. ಕಿರಾಣಿ ಅಂಗಡಿಯವರು ಗಲ್ಲಾಪೆಟ್ಟಿಗೆಯಿಂದ ಎಣಿಸಿ 8,400 ರೂಪಾಯಿ ಕೈಗಿಡುತ್ತಾರೆ. "ನೀವೇ ಕಟ್ಬಿಡಿ ಅಣ್ಣ, ನಂಗೆ ಟೈಮಿಲ್ಲ." ಮನೆಗೆ ಬಂದರೆ ಬೆಳಗ್ಗೆ ಒಂಬತ್ತಕ್ಕೆ ಕಂತು ವಸೂಲಿಗೆ ಬರುತ್ತಾರೆ ಎನ್ನುವ ಸುದ್ದಿ ಕಾಯುತ್ತಿರುತ್ತದೆ. ಬೇಕಾದದ್ದು 3,200. ಶುಕ್ರವಾರ ಕಮಿಷನ್ ಬರುತ್ತದೆ, ಪಾಲಿಸಿಗೆ ಇನ್ನೂ ಗ್ರೇಸ್ ದಿನಗಳಿವೆ (ತಡವಾಗಿ ಕಟ್ಟಲು ಬಿಡುವ ದಿನಗಳು), ಶನಿವಾರ ಕಟ್ಟಿದರಾಯಿತು. ಲೆಕ್ಕ ಸರಿಯಾಗಿಯೇ ಇದೆ ಎನಿಸುತ್ತದೆ. ಆ ರಾತ್ರಿ ನಾನು ಆ ನೋಟುಗಳನ್ನು ಮೂರು ಸಲ ಎಣಿಸಿದೆ. ಕೊನೆಗೆ ಹೆಂಡತಿ ಕೈಗೆ ಕೊಟ್ಟು, ಬೆಳಗ್ಗೆ ನಾನು ಕೇಳಿದರೂ ಕೊಡಬೇಡ, ಶಾಖೆಗೆ ನೀನೇ ಜೊತೆಗೆ ಬಾ ಎಂದೆ.

ಇದೇ ಲೆಕ್ಕ ಹಾಕಿದ ಇನ್ನೊಬ್ಬ ಏಜೆಂಟನ ಕಥೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. 1987ರ ಜೂನ್‌ನಲ್ಲಿ ಎಲ್‌ಐಸಿ ಪಾಲಿಸಿದಾರರೊಬ್ಬರು ಪ್ರೀಮಿಯಂಗೆಂದು ಏಜೆಂಟನ ಕೈಗೆ ಬೇರರ್ ಚೆಕ್ ಕೊಟ್ಟರು. ಆತ ಅದನ್ನು ನಗದು ಮಾಡಿಕೊಂಡ, ಕಟ್ಟಲಿಲ್ಲ. ಆಗಸ್ಟ್‌ನಲ್ಲಿ ಪಾಲಿಸಿದಾರರು ಅಪಘಾತದಲ್ಲಿ ತೀರಿಕೊಂಡರು, ಮಾರನೇ ದಿನ ಆತ ಓಡಿಹೋಗಿ ಹಣ ಕಟ್ಟಿದ. ಪಾಲಿಸಿ ಅಷ್ಟು ಹೊತ್ತಿಗೆ ಲ್ಯಾಪ್ಸ್ ಆಗಿತ್ತು, ಅಂದರೆ ಪ್ರೀಮಿಯಂ ಕಟ್ಟದೆ ಚಾಲ್ತಿ ತಪ್ಪಿತ್ತು. ಪ್ರೀಮಿಯಂ ವಸೂಲಿ ಮಾಡುವ ಅಧಿಕಾರ ಏಜೆಂಟನಿಗೆ ಇರಲಿಲ್ಲ, ಆದ್ದರಿಂದ ಅವನ ಕೈಗೆ ಕೊಟ್ಟಿದ್ದು ಎಲ್‌ಐಸಿಗೆ ಕೊಟ್ಟಂತಲ್ಲ ಎಂದು 1997ರಲ್ಲಿ ಕೋರ್ಟ್ ಹೇಳಿತು. ಮನೆಯವರಿಗೆ ವಿಮೆಯ ಹಣ ಇಲ್ಲವಾಯಿತು.

ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ಏಜೆಂಟ್ ಪಡೆದ ಪ್ರೀಮಿಯಂ 24 ಗಂಟೆಯೊಳಗೆ ಕಂಪನಿಗೆ ಹೋಗಬೇಕು, ಬ್ಯಾಂಕ್ ಮತ್ತು ಅಂಚೆ ರಜೆ ಬಿಟ್ಟು. ಅದರಿಂದ ಕಮಿಷನ್ ಮುರಿದುಕೊಂಡು ಉಳಿದದ್ದು ಕಟ್ಟುವ ಹಾಗೂ ಇಲ್ಲ. ಇದನ್ನು ಮೀರಿದರೆ 42ನೇ ಸೆಕ್ಷನ್ನಿನ ಆ ಪಟ್ಟಿಗೆ, ನಂಬಿಕೆ ದ್ರೋಹದ ಸಾಲಿಗೆ, ನೀವೇ ನಡೆದುಕೊಂಡು ಹೋದ ಹಾಗೆ. ಅದಕ್ಕೇ ನಾನು ನಗದು ಮುಟ್ಟುವುದನ್ನೇ ಬಿಟ್ಟೆ. ಗ್ರಾಹಕರ ಫೋನಿನಲ್ಲೇ ಯುಪಿಐ ಮೂಲಕ ನೇರ ಕಂಪನಿಗೆ ಕಟ್ಟಿಸುತ್ತೇನೆ. ಫೋನ್ ಬಾರದ ಅಜ್ಜಂದಿರನ್ನು ಬೈಕಿನಲ್ಲಿ ಕೂರಿಸಿಕೊಂಡು ಶಾಖೆಗೆ ಹೋಗುತ್ತೇನೆ, ರಸೀದಿ ಅವರ ಕೈಗೇ. ಪೆಟ್ರೋಲ್ ಖರ್ಚು, ಒಪ್ಪಿದೆ.

ಇನ್ನೆರಡು ಹೊಂಡ

ವರ್ಷದ ಕೊನೆಗೆ ಟಾರ್ಗೆಟ್ ಕಡಿಮೆ ಬಿದ್ದಾಗ ಹೆಂಡತಿ, ಭಾವಮೈದ, ಅತ್ತೆ ಹೆಸರಲ್ಲಿ ಕೈಸಾಲ ಮಾಡಿ ಪಾಲಿಸಿ ಮಾಡಿಸು ಎಂದು ಮೇಲಿನವರು ಸಲಹೆ ಕೊಡುತ್ತಾರೆ. 30,000 ಪ್ರೀಮಿಯಂಗೆ ಕಮಿಷನ್ ಶೇ. 25 ಎಂದೇ ಇಟ್ಟುಕೊಂಡರೂ ಬರುವುದು 7,500. ಉಳಿದ 22,500 ನಿಮ್ಮ ಹೊಸ ಸಾಲ, ಮುಂದಿನ ವರ್ಷ ಮತ್ತೆ 30,000. ಕಟ್ಟದಿದ್ದರೆ ಲ್ಯಾಪ್ಸ್.

ಇನ್ನೊಂದು, ಗ್ರಾಹಕರು ಕೇಳುವ 'ಮೊದಲ ಕಂತಲ್ಲಿ ನಿಮ್ಮದು ಬಿಟ್ಕೊಡಿ'. 41ನೇ ಸೆಕ್ಷನ್ ಪ್ರಕಾರ ಕಮಿಷನ್ ಬಿಟ್ಟುಕೊಡುವುದು ಅಪರಾಧ, 2015ರ ತಿದ್ದುಪಡಿ ದಂಡವನ್ನು 10 ಲಕ್ಷ ರೂಪಾಯಿವರೆಗೆ ಏರಿಸಿತು. ಊರಲ್ಲಿ ಎಲ್ಲರೂ ಬಿಡುತ್ತಾರೆ, ನಿಜ. ಆದರೆ ಬಡ್ಡಿ ಕಟ್ಟುವವನಿಗೆ ಕಾನೂನು ಬೇಕಾಗಿಲ್ಲ, ಲೆಕ್ಕವೇ ಸಾಕು ಬೇಡ ಎನ್ನಲು.

ಮೊದಲ ಆರು ತಿಂಗಳು ಈ ಆದಾಯ ನಂಬಿ ಯಾರಿಗೂ ಕಂತಿನ ಮಾತು ಕೊಡಬೇಡಿ. ಇರುವ ಚಿಕ್ಕ ಕೆಲಸ ಬಿಡದೆ ಸಂಜೆ ಹೊತ್ತು ಶುರುಮಾಡಿ. ನಾನು ಮೊದಲ ವರ್ಷವಿಡೀ ಬೆಳಗ್ಗೆ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ನನ್ನ ಮೊದಲ ಐದು ಪಾಲಿಸಿ ಹಾಲು ಹಾಕಲು ಬರುವವರದ್ದೇ.

ಟೈಲ್ಸ್ ಅಂಗಡಿಯವರು ಕೊನೆಗೆ ಪಾನ್ ನಂಬರ್ ಬರೆದರು. ಒಂದು ಅಕ್ಷರ ತಪ್ಪಾಯಿತು, ಹೊಸ ಫಾರಂ ತರಿಸಿದೆವು. ಪರೀಕ್ಷೆ ಮುಂದಿನ ವಾರ.